ಎದುರಿನ ಬೆಳಕು, ಅದರ ಹಿಂದಿನ ಕತ್ತಲು

ಡಿಸೆಂಬರಿನ ಒಂದು ರಾತ್ರಿ ಎಂಟೂವರೆ ಹೊತ್ತಿಗೆ ಮದ್ದೂರು ಬಿಟ್ಟು ಮಳವಳ್ಳಿ ಕಡೆ ಹೊರಟಿದ್ದೀರಿ ಅಂದುಕೊಳ್ಳಿ. ಕಬ್ಬು ಅರೆಯುವ ಕಾಲ. ಕೆ.ಎಂ. ದೊಡ್ಡಿ ಹತ್ತಿರವಾದಂತೆ ಗಾಳಿಯಲ್ಲಿ ಕಾಕಂಬಿಯ ವಾಸನೆ. ಊರು ದಾಟಿದ ಮೇಲೆ ಬೀದಿದೀಪವಿಲ್ಲ, ರಸ್ತೆಯ ಬಿಳಿ ಗೀಟು ಅಲ್ಲಲ್ಲಿ ಅಳಿಸಿದೆ. ದೂರದಲ್ಲಿ ಎರಡು ಬೆಳಕಿನ ಚುಕ್ಕಿ ಕಾಣುತ್ತವೆ. ನೀವು ಡಿಮ್ ಮಾಡುತ್ತೀರಿ. ಎದುರಿನವರು ಮಾಡುವುದಿಲ್ಲ. ಒಂದು ಸಲ ಡಿಪ್ಪರ್ ಕೊಟ್ಟು ನೋಡುತ್ತೀರಿ, ಅದಕ್ಕೂ ಜಗ್ಗುವುದಿಲ್ಲ. ಚುಕ್ಕಿಗಳು ಊದಿಕೊಂಡು ಮುಂದಿನ ಗಾಜೆಲ್ಲ ಬೆಳ್ಳಗಾಗುತ್ತದೆ. ರಸ್ತೆ, ಮರ, ಮೈಲಿಗಲ್ಲು ಯಾವುದೂ ಕಾಣುವುದಿಲ್ಲ. ಗಾಡಿ ಸುಯ್ಯನೆ ಪಕ್ಕದಲ್ಲಿ ಹಾದುಹೋದ ಮೇಲೆ ಅಷ್ಟು ಹೊತ್ತು ಬೆಳಕಿದ್ದ ಜಾಗದಲ್ಲಿ ಹಳ್ಳದಂಥ ಕಪ್ಪು. ಆ ಕಪ್ಪಿನೊಳಗಿಂದ ಕಬ್ಬು ಹೇರಿದ ಟ್ರೇಲರಿನ ಹಿಂಭಾಗ ಏಕಾಏಕಿ ಮುಂದೆ ನಿಲ್ಲುತ್ತದೆ.

ಆ ರಸ್ತೆಯಲ್ಲಿ ಹಾಗೆ ಬ್ರೇಕ್ ತುಳಿದು ಉಳಿದುಕೊಂಡವರಲ್ಲಿ ನಾನೂ ಒಬ್ಬ. ಕಾರು ನಿಂತಾಗ ಕಬ್ಬಿನ ಜಲ್ಲೆಗಳ ತುದಿ ಬಾನೆಟ್‌ನಿಂದ ಒಂದು ಮೊಳ ದೂರದಲ್ಲಿದ್ದವು. ಒಂದು ಜಲ್ಲೆಗೆ ಕಟ್ಟಿದ್ದ ಕೆಂಪು ಬಟ್ಟೆ ಗಾಳಿಗೆ ಅಲ್ಲಾಡುತ್ತಿತ್ತು. ಟ್ರ್ಯಾಕ್ಟರಿನ ಹುಡುಗ ಇಳಿದು ಬಂದು, "ಹಿಂದ್ಗಡೆ ಲೈಟು ಐತೆ ಸಾ, ಕಬ್ಬು ಮುಚ್ಕಂಡದೆ" ಅಂದ. ಅವನು ಹೇಳಿದ್ದು ನಿಜ. ಇಳಿಬಿದ್ದ ಕಬ್ಬಿನ ಅಡಿಯಲ್ಲಿ ಕೆಂಪು ದೀಪ ಮಿಣಿಮಿಣಿ ಉರಿಯುತ್ತಿತ್ತು.

ಕಣ್ಣು ಕುಕ್ಕುವ ದೀಪದ ಬಗ್ಗೆ ನಾವೆಲ್ಲ ಸಿಟ್ಟಿನಿಂದ ಮಾತಾಡುತ್ತೇವೆ. ಆದರೆ ಅಪಾಯ ಇರುವುದು ಆ ದೀಪದ ಹಿಂದೆ ಮತ್ತು ಪಕ್ಕದಲ್ಲಿ, ನಾವು ಕಾಣದೇ ಹೋಗುವ ಜಾಗದಲ್ಲಿ. ದೀಪ ಹಾದುಹೋಗುವ ಆ ನಾಲ್ಕಾರು ಸೆಕೆಂಡು ನಮ್ಮ ಕಣ್ಣಿಗೆ ಏನಾಗುತ್ತದೆ, ದೀಪಗಳು ಹೀಗೇಕಾದವು, ಸ್ಟೇರಿಂಗ್ ಹಿಡಿದವರ ಕೈಯಲ್ಲಿ ಏನಿದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಸೊಳ್ಳೆ ಪರದೆಗೆ ಬಿಟ್ಟ ಟಾರ್ಚು

ಮ್ಯಾಟಿನಿ ಶೋ ಶುರುವಾದ ಮೇಲೆ ಟಾಕೀಸಿನೊಳಗೆ ಹೋದವರಿಗೆ ಮೊದಲು ಸೀಟೇ ಕಾಣುವುದಿಲ್ಲ. ಹತ್ತು ನಿಮಿಷ ಕಳೆದರೆ ಕಾಲಡಿಯ ಕಡಲೆಕಾಯಿ ಸಿಪ್ಪೆಯೂ ಕಾಣುತ್ತದೆ. ಟಾಕೀಸಿನ ಕತ್ತಲು ಅಷ್ಟೇ ಇರುತ್ತದೆ, ಕಣ್ಣು ಅದಕ್ಕೆ ಹೊಂದಿಕೊಂಡಿರುತ್ತದೆ.

ಕಣ್ಣಿನ ಒಳಪರದೆಯಲ್ಲಿ ಬೆಳಕು ಹಿಡಿಯುವ ಕೋಶಗಳು ಎರಡು ಬಗೆ. ಹಗಲಿನ ನೋಟಕ್ಕೆ, ಬಣ್ಣಕ್ಕೆ, ಸಣ್ಣ ಅಕ್ಷರ ಓದುವುದಕ್ಕೆ ಶಂಕುವಿನಾಕಾರದವು. ಸುಮಾರು 60 ಲಕ್ಷ ಇವೆ. ಮಬ್ಬು ಬೆಳಕಿಗೆ ಕಡ್ಡಿಯಾಕಾರದವು. ಇವು ಸುಮಾರು 12 ಕೋಟಿ. ಕಡ್ಡಿ ಕೋಶಗಳೊಳಗೆ ರೊಡಾಪ್ಸಿನ್ ಎಂಬ ಬಣ್ಣದ ವಸ್ತುವಿದೆ. ಬೆಳಕು ಬಿದ್ದರೆ ಅದು ಒಡೆಯುತ್ತದೆ, ಕತ್ತಲಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಒಡೆಯಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು, ಪೂರ್ತಿಯಾಗಿ ಕೂಡಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಈ ವಸ್ತು ತಯಾರಾಗಲು 'ಎ' ಜೀವಸತ್ವ ಬೇಕು. ಅದು ತೀರಾ ಕಡಿಮೆಯಾದವರಿಗೆ ಇರುಳುಗುರುಡು ಬರುವುದು ಅದಕ್ಕೇ.

ರಸ್ತೆಯಲ್ಲಿ ನಮ್ಮದೇ ದೀಪದ ಬೆಳಕಿರುವುದರಿಂದ ಕಣ್ಣು ಟಾಕೀಸಿನಷ್ಟು ಪೂರ್ತಿ ಕತ್ತಲಿಗೆ ಹೊಂದಿಕೊಂಡಿರುವುದಿಲ್ಲ ನಿಜ. ಆದರೂ ಪ್ರಖರ ಬೆಳಕೊಂದು ನೇರ ಹೊಕ್ಕು ಹೋದ ಮೇಲೆ ಕಣ್ಣು ಸಾವರಿಸಿಕೊಳ್ಳಲು ಕೆಲವು ಸೆಕೆಂಡು ಹಿಡಿಯುತ್ತದೆ.

ಬೆಳಕು ಎದುರಿಗೆ ಇರುವಾಗ ಆಗುವ ತೊಂದರೆಯೇ ಬೇರೆ. ರಾತ್ರಿ ಸೊಳ್ಳೆ ಪರದೆಯೊಳಗೆ ಕೂತು ಪರದೆಗೆ ಟಾರ್ಚು ಬಿಟ್ಟು ನೋಡಿ. ಪರದೆ ಹೊಳೆಯುತ್ತದೆ, ಆಚೆಗಿನ ಕೋಣೆ ಮಾಯವಾಗುತ್ತದೆ. ಕಣ್ಣಿನೊಳಗೂ ಆಗುವುದು ಇದೇ. ಕಣ್ಣಿನ ಪಾರದರ್ಶಕ ಪದರಗಳು, ಮಸೂರ ಯಾವುದೂ ಪೂರ್ತಿ ನಿರ್ಮಲವಲ್ಲ. ತೀಕ್ಷ್ಣವಾದ ಬೆಳಕು ಅವುಗಳಲ್ಲಿ ಚದುರಿ ಒಳಪರದೆಯ ಮೇಲೆಲ್ಲ ತೆಳ್ಳಗಿನ ಬಿಳಿ ಮುಸುಕು ಹರಡುತ್ತದೆ. ಕತ್ತಲಲ್ಲಿ ನಡೆಯುವವರ ಮಸುಕಾದ ಆಕಾರ ಆ ಮುಸುಕಿನಲ್ಲಿ ಮುಳುಗಿಹೋಗುತ್ತದೆ. ಎರಡು ಗಾಡಿಗಳು ಎದುರುಬದುರಾಗುವ ಹೊತ್ತಿನಲ್ಲಿ ನಡುವೆ ರಸ್ತೆ ದಾಟುತ್ತಿರುವ ಮನುಷ್ಯ ಇಬ್ಬರಿಗೂ ಕಾಣದೇ ಹೋಗಬಹುದು. "ಅಷ್ಟು ಬೆಳಕಿತ್ತಲ್ಲ, ಹೇಗೆ ಕಾಣಲಿಲ್ಲ?" ಎಂದು ಆಮೇಲೆ ಕೇಳುತ್ತಾರೆ. ಕಾಣದಂತೆ ಮಾಡಿದ್ದು ಆ ಬೆಳಕೇ.

ಈಗ ಒಂದು ಸಣ್ಣ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಮೂರು ಸೆಕೆಂಡು ಕಣ್ಣು ಕತ್ತಲಾದರೆ 50 ಮೀಟರ್. 80ರ ವೇಗವಾದರೆ 66 ಮೀಟರ್. ಅಷ್ಟು ದೂರವನ್ನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರಂತೆ ಓಡಿಸಿರುತ್ತೇವೆ.

ಅರವತ್ತರ ಕಣ್ಣು

ಇಪ್ಪತ್ತರ ಹರೆಯದಲ್ಲಿ ಕಣ್ಣಿನ ಪಾಪೆ ಕತ್ತಲಲ್ಲಿ ಏಳೆಂಟು ಮಿಲಿಮೀಟರ್ ಅಗಲಕ್ಕೆ ತೆರೆದುಕೊಳ್ಳುತ್ತದೆ. ವಯಸ್ಸಾದಂತೆ ಅಷ್ಟು ತೆರೆಯುವುದಿಲ್ಲ. ಮಸೂರವೂ ಹಳದಿಗಟ್ಟಿ ಮಸುಕಾಗುತ್ತ ಹೋಗುತ್ತದೆ. ಇಪ್ಪತ್ತರವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕಿನಲ್ಲಿ ಅರವತ್ತರವರಿಗೆ ತಲುಪುವುದು ಹೆಚ್ಚುಕಡಿಮೆ ಮೂರನೆಯ ಒಂದು ಪಾಲು. ಒಳಗೆ ಹೋದ ಅಷ್ಟು ಬೆಳಕೂ ಹೆಚ್ಚು ಚದುರುತ್ತದೆ. ಪೊರೆ ಶುರುವಾಗಿದ್ದರಂತೂ ಎದುರಿನ ಒಂದೊಂದು ದೀಪಕ್ಕೂ ಸುತ್ತ ಪ್ರಭಾವಳಿ. "ಹಗಲು ಚೆನ್ನಾಗೇ ಕಾಣುತ್ತೆ, ರಾತ್ರಿ ಮಾತ್ರ ಲೈಟು ಒಡೆದು ಒಡೆದು ಕಾಣುತ್ತೆ" ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ವಯಸ್ಸಾಯಿತಲ್ಲ ಎಂದು ಸುಮ್ಮನಾಗಬೇಡಿ. ಪೊರೆಯ ಮೊದಲ ಗುರುತು ಎಷ್ಟೋ ಸಲ ಅದೇ. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಚಾಲನಾ ಪರವಾನಗಿಯ ಅರ್ಜಿಯೊಂದಿಗೆ ನಾವು ಬರೆದುಕೊಡುವ ಘೋಷಣೆಯಲ್ಲಿ ಕಣ್ಣಿನ ಬಗ್ಗೆ ಕೇಳುವ ಒಂದು ಪ್ರಶ್ನೆ ಇದು: ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟು ಓದಬಲ್ಲಿರಾ? ಇರುಳುಗುರುಡು ಇದೆಯೇ ಎಂದೂ ಒಂದು ಪ್ರಶ್ನೆ ಇದೆ, ಇಲ್ಲ ಎಂದು ಗುರುತು ಹಾಕಿದರೆ ಅಲ್ಲಿಗೆ ಮುಗಿಯಿತು. ಪ್ರಖರ ದೀಪ ಹಾದುಹೋದ ಮೇಲೆ ಈ ಮನುಷ್ಯನ ಕಣ್ಣು ಎಷ್ಟು ಹೊತ್ತಿಗೆ ಸಾವರಿಸಿಕೊಳ್ಳುತ್ತದೆ ಎಂದು ಸಾಮಾನ್ಯವಾಗಿ ಯಾರೂ ಪರೀಕ್ಷಿಸುವುದಿಲ್ಲ. ರಾತ್ರಿಯಿಡೀ ಲಾರಿ, ಬಸ್ಸು, ಟ್ಯಾಕ್ಸಿ ಓಡಿಸುವವರಿಗಾದರೂ ಈ ಪರೀಕ್ಷೆ ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಲ್ಬು ಬದಲಾಯಿತು, ಹಿಂದಿನ ಕನ್ನಡಿ ಹಾಗೇ ಉಳಿಯಿತು

ಕಾರಿನ ಹ್ಯಾಲೊಜೆನ್ ಬಲ್ಬೊಂದನ್ನು ಕೈಗೆತ್ತಿಕೊಂಡು ನೋಡಿ. ಗಾಜನ್ನು ಬೆರಳಿಂದ ಮುಟ್ಟಬೇಡಿ, ಬೆರಳಿನ ಜಿಡ್ಡು ತಾಗಿದರೆ ಬಲ್ಬು ಬೇಗ ಹಾಳಾಗುತ್ತದೆ. ಒಳಗೆ ಎರಡು ಸಣ್ಣ ತಂತಿ ಸುರುಳಿಗಳಿವೆ, ಒಂದು ಹೈಬೀಮಿಗೆ, ಇನ್ನೊಂದು ಲೋಬೀಮಿಗೆ. ಲೋಬೀಮ್ ಸುರುಳಿಯ ಅಡಿಯಲ್ಲಿ ಚಮಚದಂಥ ಪುಟ್ಟ ಲೋಹದ ಬಟ್ಟಲು ಕಾಣುತ್ತದೆ. ಇಡೀ ಜಾಣ್ಮೆ ಇರುವುದು ಅದರಲ್ಲಿ. ಕೆಳಮುಖವಾಗಿ ಹೊರಟ ಬೆಳಕನ್ನು ಅದು ತಡೆಯುತ್ತದೆ. ಮೇಲ್ಮುಖವಾಗಿ ಹೋದ ಬೆಳಕು ಮಾತ್ರ ಹಿಂದಿನ ಕನ್ನಡಿಯ ಮೇಲರ್ಧಕ್ಕೆ ಬಡಿದು ರಸ್ತೆಯ ಕಡೆಗೆ ಬಾಗುತ್ತದೆ. ಹೀಗೆ ಎದುರಿನವರ ಮುಖದ ಎತ್ತರಕ್ಕೆ ಬೆಳಕು ಏರದಂತೆ ಗೆರೆ ಕೊಯ್ದಂತಾಗುತ್ತದೆ. ನಾವು ರಸ್ತೆಯ ಎಡಗಡೆ ಓಡಿಸುವವರಾದ್ದರಿಂದ ನಮ್ಮ ದೇಶದ ದೀಪಗಳಲ್ಲಿ ಆ ಗೆರೆ ಬಲಕ್ಕೆ ಸಮನಾಗಿದ್ದು ಎಡಕ್ಕೆ ಸ್ವಲ್ಪ ಏರಿರುತ್ತದೆ. ಎಡಬದಿಯ ಪಾದಚಾರಿ, ಫಲಕ ಕಾಣಲಿ, ಬಲದಿಂದ ಬರುವವರ ಕಣ್ಣು ಉಳಿಯಲಿ ಎಂದು ಆ ಏರ್ಪಾಟು.

ಸುರುಳಿ ಇರಬೇಕಾದ ಜಾಗ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಈ ಲೆಕ್ಕ ಕೆಡುತ್ತದೆ. ಹ್ಯಾಲೊಜೆನ್ನಿಗೆಂದೇ ರೂಪಿಸಿದ ಕನ್ನಡಿಯೊಳಗೆ ಆಟೊ ಎಲೆಕ್ಟ್ರಿಕಲ್ಸ್ ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಅಗ್ಗದ ಎಲ್‌ಇಡಿ ಬಲ್ಬು ಕೂರಿಸಿದರೆ ಬೆಳಕು ಹೊರಡುವ ಜಾಗ, ಆಕಾರ, ದಿಕ್ಕು ಮೂರೂ ಬದಲಾಗಬಹುದು. ಬೆಳಕು ಹಂಚಿಕೆಯಾಗದೆ ಸಿಡಿಯುತ್ತದೆ. ಗಾಡಿಯವರಿಗೆ ಮುಂದಿನ ಹತ್ತು ಮೀಟರ್ ನೆಲ ಬೆಳ್ಳಗೆ ಕಾಣುವುದರಿಂದ ದೀಪ ಬಲವಾಗಿದೆ ಎನಿಸುತ್ತದೆ. ದೂರದ ರಸ್ತೆಗೆ ಹೋಗಬೇಕಿದ್ದ ಬೆಳಕು ಎದುರಿನವರ ಮುಖಕ್ಕೂ ಮರದ ಕೊಂಬೆಗಳಿಗೂ ಹೋಗಿರುತ್ತದೆ. ಲೋಬೀಮಿನಲ್ಲೇ ಇದ್ದರೂ ಅಂಥ ಗಾಡಿ ಕಣ್ಣು ಕುಕ್ಕುತ್ತದೆ. ಎಷ್ಟು ಸಲ ಡಿಪ್ಪರ್ ಕೊಟ್ಟರೂ ಎದುರಿನವರು ಇಳಿಸದಿರಲು ಒಂದು ಕಾರಣ ಇದೇ ಇರಬಹುದು. ಅವರು ಆಗಲೇ ಇಳಿಸಿರುತ್ತಾರೆ.

ಬಣ್ಣದ್ದೂ ಪಾಲಿದೆ. ಹ್ಯಾಲೊಜೆನ್ ಬೆಳಕು ಹಳದಿಗೆ ಹತ್ತಿರ. ಬಿಳಿ ಎಲ್‌ಇಡಿ ಮೂಲತಃ ನೀಲಿ ದೀಪ, ಮೇಲೆ ಹಚ್ಚಿದ ರಾಸಾಯನಿಕ ಲೇಪದಿಂದ ಬಿಳಿಯಾಗಿ ಕಾಣುತ್ತದೆ. ನೀಲಿಯ ಅಂಶ ಅದರಲ್ಲಿ ಹೆಚ್ಚು. ಅಳತೆಯಲ್ಲಿ ಪ್ರಖರತೆ ಒಂದೇ ಇದ್ದರೂ ನೀಲಿ ಬೆರೆತ ಬೆಳಕು ಕಣ್ಣಿಗೆ ಹೆಚ್ಚು ಚುಚ್ಚುತ್ತದೆ. ಜೊತೆಗೆ ಎಲ್‌ಇಡಿಯಲ್ಲಿ ಅಷ್ಟೂ ಬೆಳಕು ಹೊರಡುವುದು ಅಕ್ಕಿಕಾಳಿನಷ್ಟು ಜಾಗದಿಂದ. ಹಾಗೆಂದು ಎಲ್‌ಇಡಿಯೇ ಕೆಟ್ಟದ್ದು ಎಂದು ದೂರುವುದು ನ್ಯಾಯವಲ್ಲ. ಅದಕ್ಕೆಂದೇ ರೂಪಿಸಿದ ದೀಪದೊಳಗೆ, ಸರಿಯಾದ ಕೋನದಲ್ಲಿ ಕೂತ ಎಲ್‌ಇಡಿ ಒಳ್ಳೆಯ ದೀಪವೇ. ಕೆಡುವುದು ಆಮೇಲೆ ತುರುಕಿದಾಗ.

ಇನ್ನು ಎತ್ತರ ಮತ್ತು ಹೊರೆ. ದೊಡ್ಡ ಗಾಡಿಗಳ ದೀಪ ಸಣ್ಣ ಕಾರಿನವರ, ಬೈಕಿನವರ ಮುಖಕ್ಕೆ ಸರಿಯಾಗಿ ಬರುತ್ತದೆ. ಊರಿನಿಂದ ಎರಡು ಮೂಟೆ ಅಕ್ಕಿ, ತೆಂಗಿನಕಾಯಿ ಡಿಕ್ಕಿಗೆ ತುಂಬಿಕೊಂಡು ಹಿಂದೆ ಮೂವರು ಕೂತರೆ ಕಾರಿನ ಮೂತಿ ಮೇಲೇಳುತ್ತದೆ, ದೀಪವೂ ಅದರೊಂದಿಗೆ ಏಳುತ್ತದೆ. ಇದಕ್ಕೆಂದೇ ಹಲವು ಕಾರುಗಳಲ್ಲಿ ಸ್ಟೇರಿಂಗ್ ಪಕ್ಕ 0, 1, 2, 3 ಎಂದು ಬರೆದ ಸಣ್ಣ ತಿರುಗಣೆ ಇರುತ್ತದೆ. ಹೊರೆ ಹೆಚ್ಚಿದಂತೆ ಅಂಕಿ ಹೆಚ್ಚಿಸಿದರೆ ದೀಪ ತಗ್ಗುತ್ತದೆ. ಹತ್ತು ವರ್ಷ ಕಾರು ಓಡಿಸಿಯೂ ಆ ತಿರುಗಣೆಯನ್ನು ಒಮ್ಮೆಯೂ ಮುಟ್ಟದವರನ್ನು ನಾನು ಬಲ್ಲೆ.

ಕಪ್ಪು ಬಳಿದ ದೀಪದ ಕಾಲ

ನಲವತ್ತು ದಾಟಿದವರಿಗೆ ನೆನಪಿರುತ್ತದೆ: ಅಂಬಾಸಿಡರ್ ಕಾರು, ಲಾರಿ, ಬಸ್ಸುಗಳ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿದಿರುತ್ತಿತ್ತು, ಇಲ್ಲವೇ ನಡುವೆ ಹಣೆಬೊಟ್ಟಿನಂತೆ ಕಪ್ಪು ಚುಕ್ಕೆ ಇರುತ್ತಿತ್ತು. ದುಂಡು ಗಾಜಿನ ಆ ದೀಪಗಳು ಹೋಗಿ ನುಣುಪಾದ ಪ್ಲಾಸ್ಟಿಕ್ ಮುಖದ ದೀಪಗಳು ಬಂದ ಮೇಲೆ ಆ ರೂಢಿ ನಿಂತಿತು. ಹೊಸ ದೀಪಗಳಲ್ಲಿ ಬೆಳಕು ಬಾಗಿಸುವ ಏರ್ಪಾಟು ಒಳಗೇ ಇರುವುದರಿಂದ ಕಪ್ಪು ಬಳಿಯುವ ಅಗತ್ಯವೂ ಇಲ್ಲ. ಫ್ರಾನ್ಸ್ ದೇಶ 1930ರ ದಶಕದ ಕೊನೆಯಿಂದ 1993ರವರೆಗೆ ಎಲ್ಲ ವಾಹನಗಳಿಗೂ ಹಳದಿ ಹೆಡ್‌ಲೈಟನ್ನೇ ಕಡ್ಡಾಯ ಮಾಡಿತ್ತು. ಎದುರಿನವರ ಕಣ್ಣು ಉಳಿಸುವ ಯೋಚನೆ ದೀಪದಷ್ಟೇ ಹಳೆಯದು.

ನಮ್ಮಲ್ಲೂ ಕಾನೂನಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ದೀಪ ಹೇಗಿರಬೇಕೆಂದು ಅಳತೆ ಸಮೇತ ಹೇಳುತ್ತದೆ. ದೀಪದ ಮುಂದೆ 8 ಮೀಟರ್ ದೂರದಲ್ಲಿ, ದೀಪದ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಯನ್ನು ಅದು ಕೋರೈಸಬಾರದು. ಒಂದೂವರೆ ಮೀಟರ್ ಅಂದರೆ ನಿಂತ ಮನುಷ್ಯನ ಕಣ್ಣಿನ ಎತ್ತರ. ಇಷ್ಟು ಸ್ಪಷ್ಟವಾಗಿ ಬರೆದ ನಿಯಮ ರಸ್ತೆಯಲ್ಲಿ ಕಾಣುವುದು ಅಪರೂಪ. 2024ರಲ್ಲಿ ರಾಜ್ಯ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಿರುದ್ಧ ವಿಶೇಷ ಕಾರ್ಯಾಚರಣೆ ನಡೆಸಿ ಸಾವಿರಾರು ಪ್ರಕರಣ ಹಾಕಿದರು. ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ ಅಡಿ ದಂಡ ಮೊದಲ ಸಲಕ್ಕೆ 500 ರೂಪಾಯಿವರೆಗೆ, ಮತ್ತೆ ಸಿಕ್ಕರೆ 1,500ರವರೆಗೆ. ಅಂಥ ಕಾರ್ಯಾಚರಣೆ ವರ್ಷವಿಡೀ ನಡೆಯಬೇಕು. ಅದಕ್ಕಿಂತ ಮುಖ್ಯವಾಗಿ, ಬಲ್ಬು ಮಾರುವ, ಕೂರಿಸುವ ಅಂಗಡಿಗಳ ಕಡೆಗೂ ನೋಡಬೇಕು. ಅಲ್ಲಿ ತಡೆಯದೆ ರಸ್ತೆಯಲ್ಲಿ ಒಬ್ಬೊಬ್ಬರನ್ನೇ ಹಿಡಿಯುತ್ತ ಕೂತರೆ ಮುಗಿಯುವ ಕೆಲಸವಲ್ಲ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಗಳಲ್ಲಿ ವರ್ಷ ವರ್ಷವೂ ಅತಿ ಹೆಚ್ಚು ಅಪಘಾತಗಳು ದಾಖಲಾಗುವ ಹೊತ್ತು ಸಂಜೆ 6ರಿಂದ 9. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವರಲ್ಲಿ ಎಷ್ಟು ಜನ ಕಣ್ಣು ಕುಕ್ಕಿದ ಬೆಳಕಿಗೆ ಬಲಿಯಾದರು ಎಂದು ಆ ವರದಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಚಾಲಕರ ತಪ್ಪನ್ನು ಗುರುತಿಸುವ ಪಟ್ಟಿಯಲ್ಲಿ ಅತಿವೇಗ, ಕುಡಿತ, ವಿರುದ್ಧ ದಿಕ್ಕಿನ ಚಾಲನೆ, ಸಿಗ್ನಲ್ ಉಲ್ಲಂಘನೆ, ಮೊಬೈಲ್ ಬಳಕೆ ಇವೆ, ಉಳಿದದ್ದೆಲ್ಲ 'ಇತರೆ'. ಹೆಸರೇ ಇಲ್ಲದ ಕಾರಣಕ್ಕೆ ಯಾರೂ ಮದ್ದು ಹುಡುಕುವುದಿಲ್ಲ.

"ಬೆಳಕ ನೋಡ್ಬ್ಯಾಡ, ಗೀಟು ನೋಡು"

ನಮ್ಮ ಚಿಕ್ಕಪ್ಪ ಸರ್ಕಾರಿ ಬಸ್ಸಿನ ಚಾಲಕರಾಗಿದ್ದವರು. ಶಿರಾಡಿ ಘಾಟಿಯಲ್ಲಿ ಇಳಿದು ಹತ್ತುವ ರಾತ್ರಿ ಸರ್ವಿಸ್ಸೇ ಅವರಿಗೆ ಹೆಚ್ಚಾಗಿ ಬೀಳುತ್ತಿತ್ತು. ನಾನು ಕಾರು ಕಲಿತ ಹೊಸದರಲ್ಲಿ ಅವರನ್ನು ಪಕ್ಕ ಕೂರಿಸಿಕೊಂಡು ರಾತ್ರಿ ಹೊರಟಿದ್ದೆ. ಎದುರಿಗೆ ಲಾರಿಯ ದೀಪ ಕಂಡದ್ದೇ ನನ್ನ ಕಣ್ಣು ಅದಕ್ಕೇ ಅಂಟಿಕೊಂಡಿತು, ಕಾರೂ ಮೆಲ್ಲಗೆ ಬಲಕ್ಕೆ ಸರಿಯಿತು. ಚಿಕ್ಕಪ್ಪ ಸ್ಟೇರಿಂಗಿಗೆ ಒಂದು ಬೆರಳು ತಾಗಿಸಿ ಎಡಕ್ಕೆ ಒತ್ತಿದರು. "ಬೆಳಕ ನೋಡ್ಬ್ಯಾಡ ಕಣ್ಲಾ. ಎಡಗಡೆ ಗೀಟು ನೋಡು. ಗೀಟು ಇಲ್ದಿದ್ರೆ ಟಾರೂ ಮಣ್ಣೂ ಸೇರೋ ಅಂಚು ನೋಡು. ಕಣ್ಣು ಎತ್ತ ಹೋದ್ರೆ ಕೈ ಅತ್ತ ಹೋಯ್ತದೆ."

ನೇತ್ರಶಾಸ್ತ್ರ ಓದದ ಅವರ ಮಾತಿಗೆ ಶಾಸ್ತ್ರದ ಬೆಂಬಲವಿದೆ. ಎದುರಿನ ದೀಪಕ್ಕೂ ನಾವು ನೋಡುವ ದಿಕ್ಕಿಗೂ ನಡುವಿನ ಕೋನ ಹೆಚ್ಚಿದಷ್ಟೂ ಕಣ್ಣಿನೊಳಗೆ ಹರಡುವ ಆ ಬಿಳಿ ಮುಸುಕು ತೆಳ್ಳಗಾಗುತ್ತದೆ. ನೋಟವನ್ನು ಕೆಳಗೆ ಎಡಕ್ಕೆ ಸ್ವಲ್ಪ ತಿರುಗಿಸಿದರೂ ಎದ್ದು ಕಾಣುವಷ್ಟು ವ್ಯತ್ಯಾಸ. ಎದುರಿನ ಗಾಡಿಯ ಅಂದಾಜು ಕಣ್ಣಂಚಿನಲ್ಲಿ ಸಿಗುತ್ತಲೇ ಇರುತ್ತದೆ.

ಅವರ ಎರಡನೆಯ ಪಾಠ ಕಾಲಿನದು. ಬೆಳಕು ಬಡಿದ ಮೇಲೆ ಬ್ರೇಕ್ ತುಳಿಯುವುದು ತಡವಾಯಿತು. ದೂರದಲ್ಲಿ ದೀಪ ಕಂಡಾಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಕಣ್ಣು ಕತ್ತಲಾಗುವ ಹೊತ್ತಿಗೆ ಗಾಡಿ 40ಕ್ಕೆ ಇಳಿದಿದ್ದರೆ ಮೂರು ಸೆಕೆಂಡಿಗೆ ಓಡುವುದು 33 ಮೀಟರ್. 80ರಲ್ಲಿ ಓಡುತ್ತಿದ್ದುದರ ಸರಿ ಅರ್ಧ. ಗಾಬರಿಯಲ್ಲಿ ನಡುರಸ್ತೆಯಲ್ಲೇ ಗಕ್ಕನೆ ನಿಲ್ಲಿಸುವುದೂ ತಪ್ಪು, ಹಿಂದೆ ಬರುವವರ ಕಣ್ಣಿಗೂ ಆಗ ಅದೇ ಬೆಳಕು ಬಡಿದಿರುತ್ತದೆ.

ಸೇಡಿನ ಬಗ್ಗೆ ಚಿಕ್ಕಪ್ಪ ಕಟುವಾಗಿ ಮಾತಾಡುತ್ತಿದ್ದರು. "ಅವ್ನು ಡಿಮ್ ಮಾಡ್ಲಿಲ್ಲ ಅಂತ ನೀನೂ ಹಾಕ್ದೆ ಅನ್ಕೊ. ಈಗ ರಸ್ತೆ ಮ್ಯಾಲೆ ಇಬ್ರು ಕುರುಡ್ರು. ಮೊದ್ಲು ಒಬ್ನೇ ಇದ್ದ." ಒಂದು ಸಲ ಡಿಪ್ಪರ್ ಕೊಟ್ಟು ನೆನಪಿಸುವುದು ಸರಿ. ಆಮೇಲೂ ಇಳಿಸದಿದ್ದರೆ ವೇಗ ತಗ್ಗಿಸಿ ಎಡಕ್ಕೆ ಸರಿದು ಬಿಟ್ಟುಬಿಡಬೇಕು. ಅವರ ಕಣ್ಣು ಕತ್ತಲಾದರೆ ಅವರ ಗಾಡಿ ಬರುವುದು ನಮ್ಮ ಕಡೆಗೇ.

ಇನ್ನೊಂದು ಸಂಗತಿಯನ್ನು ನಾನು ಅವರ ಬಸ್ಸಿನಲ್ಲೇ ಕಂಡದ್ದು. ರಾತ್ರಿ ಬಸ್ಸುಗಳಲ್ಲಿ ಚಾಲಕರ ಹಿಂದೆ ಒಂದು ಪರದೆ ಎಳೆದಿರುತ್ತಾರೆ. ಚಿಕ್ಕವನಿದ್ದಾಗ ಅದು ಅವರ ಏಕಾಂತಕ್ಕೆ ಎಂದುಕೊಂಡಿದ್ದೆ. ಒಳಗಿನ ದೀಪದ ಬೆಳಕು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ರಸ್ತೆ ಮುಚ್ಚದಿರಲಿ ಎಂದು ಆ ಪರದೆ. ಕಾರಿನಲ್ಲಿ ಮಕ್ಕಳು ಹಿಂದೆ ಕೂತು ದೀಪ ಹಾಕಿಕೊಂಡು ಆಡುವಾಗ, ಡ್ಯಾಶ್‌ಬೋರ್ಡಿನ ಮೇಲೆ ಮೊಬೈಲು ಝಗಝಗಿಸುವಾಗ ಆ ಪರದೆಯನ್ನು ನೆನೆಸಿಕೊಳ್ಳಿ. ರಾತ್ರಿ ಗಾಡಿಯೊಳಗೆ ಬೆಳಕು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಗಾಜು, ಕನ್ನಡಿ, ಕನ್ನಡಕ

ಮುಂದಿನ ಗಾಜಿನ ಹೊರಮೈಯನ್ನು ಎಲ್ಲರೂ ಒರೆಸುತ್ತೇವೆ, ಒಳಮೈ ಮರೆಯುತ್ತೇವೆ. ಬಿಸಿಲಿಗೆ ನಿಂತ ಕಾರಿನ ಪ್ಲಾಸ್ಟಿಕ್ಕು ಉಗುಳುವ ಆವಿ, ಧೂಳು, ಉಸಿರು ಸೇರಿ ಅಲ್ಲಿ ತೆಳ್ಳಗೆ ಜಿಡ್ಡು ಕಟ್ಟುತ್ತದೆ. ಹಗಲು ಅದು ಗೊತ್ತೇ ಆಗುವುದಿಲ್ಲ. ರಾತ್ರಿ ಎದುರಿನ ದೀಪ ಬಿದ್ದ ಕೂಡಲೇ ಗಾಜೆಲ್ಲ ಹಾಲು ಚೆಲ್ಲಿದಂತೆ. ಒದ್ದೆ ಬಟ್ಟೆಯಿಂದ ಒರೆಸಿ, ಹಳೆಯ ಪತ್ರಿಕೆಯ ಹಾಳೆ ಮುದುರಿ ಉಜ್ಜಿದರೆ ಹೋಗುತ್ತದೆ. ವೈಪರಿನ ರಬ್ಬರು ಗಟ್ಟಿಯಾಗಿ ಗೀರು ಬಿದ್ದಿದ್ದರೆ ಒಂದೊಂದು ಗೀರೂ ಬೆಳಕಿನ ಎಳೆಯಾಗುತ್ತದೆ. ಬೈಕಿನವರ ಪಾಲಿಗೆ ಗೀರು ಬಿದ್ದ ಹೆಲ್ಮೆಟ್ ಗಾಜು ಇನ್ನೂ ಅಪಾಯ, ಅದು ಕಣ್ಣಿಗೆ ನಾಲ್ಕು ಬೆರಳು ದೂರದಲ್ಲೇ ಇರುತ್ತದೆ. ಕಪ್ಪು ಗಾಜಿನ ಹೆಲ್ಮೆಟ್ಟು ರಾತ್ರಿಗೆ ಬೇಡವೇ ಬೇಡ.

ಹಿಂದಿನ ಗಾಡಿಯ ದೀಪ ಒಳಗನ್ನಡಿಯಿಂದ ಬಡಿಯುತ್ತಿದ್ದರೆ ಕನ್ನಡಿಯ ಅಡಿಯ ಪುಟ್ಟ ನಾಲಿಗೆಯನ್ನು ಒತ್ತಿ. ಕನ್ನಡಿ ಓರೆಯಾಗಿ ಬೆಳಕಿನ ಸಣ್ಣ ಪಾಲನ್ನಷ್ಟೇ ಕಣ್ಣಿಗೆ ಕಳಿಸುತ್ತದೆ.

'ನೈಟ್ ಡ್ರೈವಿಂಗ್' ಎಂದು ಮಾರುವ ಹಳದಿ ಕನ್ನಡಕಕ್ಕೆ ದುಡ್ಡು ಹಾಕಬೇಡಿ. ಬಾಸ್ಟನ್ ನಗರದ ಶೆಪೆನ್ಸ್ ನೇತ್ರ ಸಂಶೋಧನಾ ಸಂಸ್ಥೆಯವರು ಕೃತಕ ಚಾಲನಾ ಯಂತ್ರದಲ್ಲಿ ಇವನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಳದಿ ಕನ್ನಡಕ ಹಾಕಿದವರು ಪಾದಚಾರಿಯನ್ನು ಬೇಗ ಗುರುತಿಸಲಿಲ್ಲ. ಬಣ್ಣದ ಗಾಜು ಎದುರಿನ ದೀಪದ ಬೆಳಕಿನ ಜೊತೆಗೆ ಕತ್ತಲಲ್ಲಿರುವ ಮನುಷ್ಯನ ಮೇಲಿಂದ ಬರುವ ಅಲ್ಪ ಬೆಳಕನ್ನೂ ತಿನ್ನುತ್ತದೆ. ನಂಬರಿನ ಕನ್ನಡಕ ಹಾಕುವವರು ಪ್ರತಿಫಲನ ತಡೆಯುವ ಲೇಪವಿರುವ ಗಾಜು ಕೇಳಿ ಪಡೆಯಿರಿ, ಅದರಿಂದ ಉಪಯೋಗವಿದೆ.

ಬೈಕಿನ ನೀಲಿ ದೀಪ

2017ರ ಏಪ್ರಿಲ್ 1ರಿಂದ ತಯಾರಾದ ದ್ವಿಚಕ್ರ ವಾಹನಗಳ ಹೆಡ್‌ಲೈಟು ಎಂಜಿನ್ ಶುರುವಾದಾಗ ತಾನೇ ಉರಿಯುತ್ತದೆ. ಹಗಲಲ್ಲೂ ಬೈಕು ಎಲ್ಲರ ಕಣ್ಣಿಗೆ ಬೀಳಲಿ ಎಂದು ಬಂದ ಒಳ್ಳೆಯ ನಿಯಮ. ತೊಂದರೆ ಇರುವುದು ಸ್ವಿಚ್ಚು ಹೈಬೀಮಿನಲ್ಲೇ ಉಳಿದುಬಿಟ್ಟಾಗ. ಮೀಟರಿನಲ್ಲಿ ಸಣ್ಣ ನೀಲಿ ದೀಪ ಉರಿಯುತ್ತಿದ್ದರೆ ಹೈಬೀಮ್ ಹಾಕಿದೆ ಎಂದರ್ಥ. ಬೈಕಿರಲಿ, ಕಾರಿರಲಿ, ಗುರುತು ಅದೇ. ಬೀದಿದೀಪವಿರುವ ಊರೊಳಗೆ ಆ ನೀಲಿ ಕಾಣಲೇಬಾರದು. ಮಂಜು ಕವಿದ ಚಾರ್ಮಾಡಿಯಲ್ಲಿ, ಜಡಿಮಳೆಯ ಆಗುಂಬೆಯಲ್ಲೂ ಅದರಿಂದ ಲಾಭವಿಲ್ಲ; ಹನಿಗಳಿಗೆ ಬಡಿದ ಬೆಳಕು ನಮ್ಮ ಕಣ್ಣಿಗೇ ವಾಪಸು ಬರುತ್ತದೆ.

ಕಣಗಿಲೆ ಗಿಡದ ಕೆಲಸ

ತುಮಕೂರು ದಾಟಿ ಹುಬ್ಬಳ್ಳಿ ಕಡೆ ಹೆದ್ದಾರಿಯಲ್ಲಿ ಹೋದವರು ಡಿವೈಡರ್ ಉದ್ದಕ್ಕೂ ಗುಲಾಬಿ, ಬಿಳಿ ಕಣಗಿಲೆ ಹೂ ನೋಡಿರುತ್ತೀರಿ. ಚೆಂದಕ್ಕಷ್ಟೇ ನೆಟ್ಟದ್ದಲ್ಲ ಅದು. ಎದುರು ಸಾಲಿನ ದೀಪಗಳು ಈ ಕಡೆಗೆ ಹಾಯದಂತೆ ಆ ಗಿಡಗಳು ಮರೆಯಾಗಿ ನಿಂತಿವೆ. ಕಣಗಿಲೆ ನೀರಿಲ್ಲದೆಯೂ ಬದುಕುತ್ತದೆ, ದನ ಮೇಯುವುದಿಲ್ಲ, ಎದೆಮಟ್ಟಕ್ಕೆ ದಟ್ಟವಾಗಿ ಬೆಳೆಯುತ್ತದೆ. ಒಣಗಿ ಹೋದ ಕಡೆ ಮತ್ತೆ ನೆಡದಿದ್ದರೆ ಆ ಸಂದಿಯಿಂದ ಬೆಳಕು ಚಾಟಿ ಬೀಸಿದಂತೆ ಬಡಿಯುತ್ತದೆ.

ಡಿವೈಡರ್ ಇಲ್ಲದ ರಸ್ತೆಗೆ ಉಳಿದಿರುವುದು ಬಿಳಿ ಗೀಟು ಮತ್ತು ಬೆಕ್ಕಿನ ಕಣ್ಣು. ರಸ್ತೆಯಲ್ಲಿ ಹೂತ ಈ ಹೊಳೆಯುವ ಗುಬುಟುಗಳನ್ನು ಕಂಡುಹಿಡಿದದ್ದು ಇಂಗ್ಲೆಂಡಿನ ಯಾರ್ಕ್‌ಷೈರಿನ ಪರ್ಸಿ ಶಾ, 1934ರಲ್ಲಿ. ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವುದು ಇವುಗಳ ಗುಣ. ಹೀಗಾಗಿ ನಮ್ಮ ಲೋಬೀಮಿನಲ್ಲೂ ರಸ್ತೆಯ ತಿರುವು ದೂರದಿಂದಲೇ ಕಾಣುತ್ತದೆ. ಚಿಕ್ಕಪ್ಪನ ಪಾಠ ನಡೆಯಬೇಕಾದರೆ ನೋಡಲು ಗೀಟು ಇರಬೇಕು. ಅಗಲ ಮಾಡಲು ಜಾಗವಿಲ್ಲದ, ಡಿವೈಡರಿಗೆ ದುಡ್ಡಿಲ್ಲದ ರಸ್ತೆಗಳಿಗಾದರೂ ವರ್ಷಕ್ಕೊಮ್ಮೆ ಅಂಚಿನ ಗೀಟು ಬಳಿಯುವುದು ಲೋಕೋಪಯೋಗಿ ಇಲಾಖೆಗೆ ದೊಡ್ಡ ಖರ್ಚಲ್ಲ.

ಕಾಣದೇ ಹೋಗುವವರು

ಶಿವರಾತ್ರಿಗೆ ಮುಂಚೆ ಚಾರ್ಮಾಡಿಯ ದಾರಿಯಲ್ಲಿ ಧರ್ಮಸ್ಥಳಕ್ಕೆ, ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದ ಊರೂರುಗಳಿಂದ ಶ್ರೀಶೈಲಕ್ಕೆ ಸಾವಿರಾರು ಜನ ನಡೆಯುತ್ತಾರೆ. ಬಿಸಿಲಿಗೆ ಹೆದರಿ ಎಷ್ಟೋ ಮಂದಿ ನಡೆಯುವುದು ರಾತ್ರಿ, ರಸ್ತೆಯ ಅಂಚಿನಲ್ಲೇ. ಕರಿ ಕಂಬಳಿ ಹೊದ್ದ ಕುರಿಗಾಹಿ ಬೆಳಗಿನ ಜಾವದ ಕತ್ತಲಲ್ಲಿ ಹಿಂಡು ದಾಟಿಸುತ್ತಾನೆ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಒಕ್ಕಿದ ರಾಗಿ, ಹುರುಳಿಯ ರಾಶಿಗೆ ಸುತ್ತ ಕಲ್ಲಿಟ್ಟು ಹೋಗಿರುತ್ತಾರೆ. ಬೆಳಕಿನ ಮುಸುಕಿನ ಹಿಂದೆ ಇರುವುದು ಇವರೆಲ್ಲ.

ಟ್ರೇಲರಿಗೆ, ಎತ್ತಿನ ಗಾಡಿಗೆ ನಾವು ರೇಡಿಯಂ ಎನ್ನುವ ಹೊಳೆಯುವ ಪಟ್ಟಿ ಅಂಟಿಸಲು ತಗಲುವುದು ಕೆಲವೇ ನೂರು ರೂಪಾಯಿ. ಕಬ್ಬು ಇಳಿಬಿದ್ದರೂ ಮುಚ್ಚದಂತೆ ಪಟ್ಟಿಯನ್ನು ಚಕ್ರದ ಹತ್ತಿರ, ಪಕ್ಕದ ಹಲಗೆಗೆ ಅಂಟಿಸಬೇಕು; ಜಲ್ಲೆಯ ತುದಿಗೆ ಕೆಂಪು ಬಟ್ಟೆಯ ಬದಲು ಒಂದು ಹೊಳೆಯುವ ತುಂಡು ಕಟ್ಟಬೇಕು. ಪಾದಯಾತ್ರೆ ಹೊರಡುವ ಮನೆಮಂದಿಯ ಚೀಲದ ಬೆನ್ನಿಗೆ ಅಂಥದ್ದೇ ಒಂದು ಗೇಣು ಪಟ್ಟಿ ಹೊಲಿದುಕೊಡಿ.

ಗೋಡೆಯ ಮುಂದೆ ಹತ್ತು ನಿಮಿಷ

ಕೊನೆಯದಾಗಿ ಓದುಗರಲ್ಲಿ ಒಂದು ವಿನಂತಿ. ಇವತ್ತೇ ಕತ್ತಲಾದ ಮೇಲೆ ಸಮನೆಲದಲ್ಲಿ, ಒಂದು ಗೋಡೆಗೆ ತಾಗುವಷ್ಟು ಹತ್ತಿರ ಕಾರು ನಿಲ್ಲಿಸಿ. ಟೈರಿಗೆ ಗಾಳಿ ಸರಿಯಿರಲಿ, ತಿರುಗಣೆ 0ಯಲ್ಲಿರಲಿ, ಸೀಟಿನಲ್ಲಿ ಒಬ್ಬರು ಕೂತಿರಲಿ. ದೀಪದ ನಡುವಿನ ಎತ್ತರಕ್ಕೆ ಸರಿಯಾಗಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಈಗ ಕಾರನ್ನು ನೇರವಾಗಿ ಹಿಂದಕ್ಕೆ 10 ಮೀಟರ್ ತನ್ನಿ, ಅಂದರೆ ಸುಮಾರು ಹದಿಮೂರು ದೊಡ್ಡ ಹೆಜ್ಜೆ. ಲೋಬೀಮ್ ಹಾಕಿ. ಗೋಡೆಯ ಮೇಲೆ ಬೆಳಕಿನ ಮೇಲಂಚು ನಿಮ್ಮ ಗುರುತಿಗಿಂತ ಹೆಚ್ಚುಕಡಿಮೆ 10 ಸೆಂಟಿಮೀಟರ್ ಕೆಳಗೆ ಕಾಣಬೇಕು. ಗುರುತಿನ ಮೇಲಕ್ಕೆ ಹೋಗಿದ್ದರೆ, ಇಲ್ಲವೇ ಅಂಚೇ ಇಲ್ಲದೆ ಬೆಳಕು ಗೋಡೆಯೆಲ್ಲ ಚೆಲ್ಲಿದ್ದರೆ, ನಾಳೆ ಬೆಳಿಗ್ಗೆಯೇ ಗ್ಯಾರೇಜಿಗೆ ಹೋಗಿ ಸರಿ ಮಾಡಿಸಿ. ದೀಪದ ಹಿಂದೆ ಅದಕ್ಕೆಂದೇ ಒಂದು ತಿರುಪು ಇರುತ್ತದೆ, ಗೊತ್ತಿರುವ ಮೆಕ್ಯಾನಿಕ್ಕಿಗೆ ಅದು ಐದು ನಿಮಿಷದ ಕೆಲಸ.